ದಣಿಯುವ ಗಾಲಿ

ಕಾರಿನ ಚಕ್ರದ ಆಯುಸ್ಸನ್ನು ಎಂಜಿನಿಯರುಗಳು ವರ್ಷಗಳಲ್ಲಿ ಅಳೆಯುವುದಿಲ್ಲ, ಸುತ್ತುಗಳಲ್ಲಿ ಎಣಿಸುತ್ತಾರೆ. 185/65 ಆರ್15 ಅಳತೆಯ ಟೈರು ಒಂದು ಸುತ್ತು ಉರುಳಿದರೆ ಸುಮಾರು 1.95 ಮೀಟರ್ ಸಾಗುತ್ತದೆ. ಕಿಲೋಮೀಟರಿಗೆ 510ರಷ್ಟು ಸುತ್ತು. ಬೆಂಗಳೂರಿನಿಂದ ಕುಣಿಗಲ್, ಯಡಿಯೂರು ದಾಟಿ ಆದಿಚುಂಚನಗಿರಿಗೆ ಬರುವ ನೂರು ಚಿಲ್ಲರೆ ಕಿಲೋಮೀಟರಿನಲ್ಲಿ ಅದು ಐವತ್ತು ಸಾವಿರಕ್ಕೂ ಹೆಚ್ಚು ಸಲ ತಿರುಗಿರುತ್ತದೆ. ಲಕ್ಷ ಕಿಲೋಮೀಟರಿಗೆ ಐದು ಕೋಟಿ ಸಲ. ಸುತ್ತು ಸುತ್ತಿಗೂ ಗಾಡಿಯ ಭಾರ ಚಕ್ರದ ಒಂದೊಂದು ಭಾಗವನ್ನೂ ಒತ್ತಿ ಬಿಡುತ್ತದೆ.

ಒಂದೇ ಏಟಿಗೆ ಚಕ್ರವನ್ನು ಮುರಿಯುವಷ್ಟು ಬಲ ಆ ಒತ್ತಡಕ್ಕಿಲ್ಲ. ಆದರೂ ಕೋಟಿ ಸಲ ಮರುಕಳಿಸಿದರೆ ಲೋಹದಲ್ಲಿ ಕಣ್ಣಿಗೆ ಕಾಣದ ಬಿರುಕು ಹುಟ್ಟಿ, ಕೂದಲೆಳೆಯಷ್ಟಾಗಿ, ಕೊನೆಗೊಂದು ದಿನ ಬಾಯಿಬಿಡುತ್ತದೆ. ಇದೇ ಲೋಹದ ದಣಿವು. ಮನುಷ್ಯರ ದಣಿವು ನಿದ್ದೆ ಮಾಡಿದರೆ ಇಳಿಯುತ್ತದೆ, ಲೋಹದ್ದು ಇಳಿಯುವುದಿಲ್ಲ. ಕಾರನ್ನು ತಿಂಗಳುಗಟ್ಟಲೆ ಶೆಡ್ಡಿನಲ್ಲಿ ನಿಲ್ಲಿಸಿದರೂ ಆಗಿರುವ ಸವೆತ ಆದಲ್ಲೇ ಇರುತ್ತದೆ.

ಈ ದಣಿವನ್ನು ಲೆಕ್ಕ ಹಾಕುವ ವಿದ್ಯೆಯ ಮೂಲ ಕಾರಿನಲ್ಲಿಲ್ಲ, ರೈಲಿನಲ್ಲಿದೆ. 1842ರಲ್ಲಿ ವರ್ಸೇಲ್ಸ್‌ನಿಂದ ಪ್ಯಾರಿಸ್ಸಿಗೆ ಮರಳುತ್ತಿದ್ದ ರೈಲಿನ ಎಂಜಿನ್ ಅಚ್ಚು ಮುರಿದು, ಗಾಡಿಗೆ ಬೆಂಕಿ ಹತ್ತಿ ಐವತ್ತಕ್ಕೂ ಹೆಚ್ಚು ಜನ ಸತ್ತರು. ಗಟ್ಟಿಮುಟ್ಟಾಗಿ ಕಾಣುವ ಅಚ್ಚು ಹೀಗೇಕೆ ಮುರಿಯುತ್ತದೆ ಎಂಬುದಕ್ಕೆ ಮುಂದೆ ಜರ್ಮನಿಯ ಆಗಸ್ಟ್ ವೋಲರ್ 1850 ಮತ್ತು 60ರ ದಶಕಗಳಲ್ಲಿ ಅಚ್ಚುಗಳನ್ನು ತಿರುಗಿಸಿ, ಬಗ್ಗಿಸಿ ಉತ್ತರ ಹುಡುಕಿದ. ಭಾರ ಇಷ್ಟಿದ್ದರೆ ಇಷ್ಟು ಸುತ್ತು ಬಾಳುತ್ತದೆ ಎಂದು ತೋರಿಸುವ ರೇಖೆ ಅವನ ಹೆಸರಿನಲ್ಲೇ ಉಳಿದಿದೆ. 1984ರಿಂದ ಯಲಹಂಕದಲ್ಲಿ ರೈಲಿನ ಗಾಲಿ, ಅಚ್ಚು ತಯಾರಿಸುತ್ತಿರುವ ಕಾರ್ಖಾನೆಗೂ ಅದೇ ಲೆಕ್ಕ ಬೇಕು, ಕಾರಿನ ಅಲಾಯ್ ವೀಲಿಗೂ ಅದೇ ಬೇಕು.

ಆ ರೇಖೆ ಹೇಳುವ ಮುಖ್ಯ ಸಂಗತಿ ಭಾರಕ್ಕೂ ಆಯುಸ್ಸಿಗೂ ಸರಿಸಮದ ಸಂಬಂಧವಿಲ್ಲ ಎಂಬುದು. ಆಯುಸ್ಸು ಒತ್ತಡದ ಏಳನೇ ಘಾತಕ್ಕೆ ತಕ್ಕಂತೆ ಕುಗ್ಗುತ್ತದೆ ಎಂದಿಟ್ಟುಕೊಂಡರೆ, ಒತ್ತಡ ಶೇ 10ರಷ್ಟು ಏರಿದರೆ ಸಾಕು, ಆಯುಸ್ಸು ಹೆಚ್ಚುಕಡಿಮೆ ಅರ್ಧಕ್ಕೆ ಇಳಿಯುತ್ತದೆ. ಹಾಗಾಗಿ ನುಣುಪಾದ ಹೆದ್ದಾರಿಯ ಸಾವಿರಾರು ಸುತ್ತು ಮಾಡದ ಹಾನಿಯನ್ನು ಒಂದು ಗುಂಡಿ ಮಾಡಿಬಿಡಬಹುದು.

ಆದರೆ ಯಾವ ಕಾರೂ ಒಂದೇ ಭಾರದಲ್ಲಿ ಓಡುವುದಿಲ್ಲ. ಬೆಳ್ಳೂರು ಕ್ರಾಸಿನಿಂದ ನಾಗಮಂಗಲ, ಪಾಂಡವಪುರ ಹಾದು ಶ್ರೀರಂಗಪಟ್ಟಣಕ್ಕೆ ಹೋಗುವ ಕಾರಿಗೆ ಊರೂರಿಗೂ ಹಂಪು ಎದುರಾಗುತ್ತದೆ. ಎದುರಿನಿಂದ ಕಬ್ಬು ತುಂಬಿದ ಟ್ರ್ಯಾಕ್ಟರ್ ಬಂದರೆ ಎಡಗಾಲಿ ಡಾಂಬರಿನ ಅಂಚಿನಿಂದ ದಡಕ್ಕನೆ ಮಣ್ಣಿಗಿಳಿಯುತ್ತದೆ. ತಿರುವಿನಲ್ಲಿ ಹೊರಗಡೆಯ ಗಾಲಿಯ ಮೇಲೆ ಭಾರ ವಾಲುತ್ತದೆ. ಈ ಬೆರಕೆಯನ್ನು ಕೂಡಿಸುವ ಸರಳ ಉಪಾಯವನ್ನು 1924ರಲ್ಲಿ ಸ್ವೀಡನ್ನಿನ ಪಾಮ್‌ಗ್ರೆನ್, 1945ರಲ್ಲಿ ಅಮೆರಿಕದ ಮೈನರ್ ಮುಂದಿಟ್ಟರು. ಒಂದು ಭಾರಕ್ಕೆ ಲಕ್ಷ ಸುತ್ತು ಬಾಳುವ ಚಕ್ರ ಅದರಲ್ಲಿ 20 ಸಾವಿರ ತಿರುಗಿದ್ದರೆ ಖರ್ಚು 0.2. ಹಗುರ ಭಾರದ ಹತ್ತು ಲಕ್ಷದಲ್ಲಿ ಮೂರು ಲಕ್ಷ ತಿರುಗಿದ್ದರೆ 0.3. ಒಟ್ಟು 0.5, ಅರ್ಧ ಆಯುಸ್ಸು ಮುಗಿಯಿತು. ಮೊತ್ತ ಒಂದು ಮುಟ್ಟಿದರೆ ಬಿರುಕು. ಯಾವ ಏಟು ಮೊದಲು, ಯಾವುದು ಆಮೇಲೆ ಎಂಬುದನ್ನು ಈ ಲೆಕ್ಕ ಗಣನೆಗೇ ತೆಗೆದುಕೊಳ್ಳುವುದಿಲ್ಲ. ಅದು ದೊಡ್ಡ ಕೊರತೆಯೇ. ಆದರೂ ಇಷ್ಟು ಸಲೀಸಾದ ಇನ್ನೊಂದು ಲೆಕ್ಕ ಸಿಗದೆ ಇಂದಿಗೂ ಇದೇ ಚಾಲ್ತಿಯಲ್ಲಿದೆ.

ಈಗ ಚಕ್ರ ತಯಾರಾಗುವ ಮೊದಲೇ ಕಂಪ್ಯೂಟರಿನಲ್ಲಿ ಅದನ್ನು ಸಾವಿರಾರು ಚೂರುಗಳಾಗಿ ಭಾಗಿಸಿ, ಯಾವ ಚೂರಿಗೆ ಎಷ್ಟು ಒತ್ತಡ ಎಂದು ನೋಡುತ್ತಾರೆ. ಆದಿಚುಂಚನಗಿರಿಯ ಬಿ.ಜಿ. ನಗರದಲ್ಲೂ ಎಂಜಿನಿಯರಿಂಗ್ ಕಾಲೇಜಿದೆ. ಇಂಥ ಕಾಲೇಜುಗಳ ಮೆಕ್ಯಾನಿಕಲ್ ವಿದ್ಯಾರ್ಥಿಗಳಿಗೆ ರಿಮ್ಮಿನ ವಿಶ್ಲೇಷಣೆ ಪರಿಚಿತ ಪ್ರಾಜೆಕ್ಟ್. ಪರದೆಯ ಮೇಲೆ ನಟ್ ಕೂರುವ ತೂತುಗಳ ಸುತ್ತ, ಕಡ್ಡಿಗಳು ರಿಮ್ಮಿಗೆ ಸೇರುವ ಮೂಲೆಯಲ್ಲಿ, ಸ್ಟೀಲ್ ಚಕ್ರವಾದರೆ ಗಾಳಿಕಂಡಿಗಳ ಅಂಚಿನಲ್ಲಿ ಕೆಂಪು ಬಣ್ಣ ಏರುತ್ತದೆ. ಚಿತ್ರ ಎಷ್ಟೇ ಚೆಂದವಿದ್ದರೂ ಕೊಟ್ಟ ಭಾರದ ಅಂಕಿ ಅಂದಾಜಿನದಾದರೆ ಬಂದ ಉತ್ತರವೂ ಅಂದಾಜಿನದೇ.

ಅದಕ್ಕೇ ನಿಜವಾದ ಚಕ್ರವನ್ನು ಯಂತ್ರಕ್ಕೆ ಕಟ್ಟಿ ದಣಿಸುವ ಕ್ರಮ ಉಳಿದುಕೊಂಡಿದೆ. ಭಾರತದಲ್ಲಿ ಇದಕ್ಕೆ ಐಎಸ್ 9436, ಎಐಎಸ್ 073 ಮಾನಕಗಳಿವೆ. ಒಂದು ಪರೀಕ್ಷೆಯಲ್ಲಿ ರಿಮ್ಮನ್ನು ಬಿಗಿಹಿಡಿದು, ನಡುವಿಗೆ ನಟ್ಟುಗಳಿಂದಲೇ ಒಂದು ದಂಡ ಜೋಡಿಸಿ, ಅದರ ತುದಿಯನ್ನು ಬಾಗಿಸುವ ಬಲ ಸುತ್ತಲೂ ತಿರುಗುವಂತೆ ಮಾಡುತ್ತಾರೆ. ಕಾರು ಬಿಡುವಿಲ್ಲದೆ ತಿರುವಿನಲ್ಲೇ ಓಡಿದಂತೆ. ಇನ್ನೊಂದರಲ್ಲಿ ಟೈರು ಹಾಕಿದ ಚಕ್ರವನ್ನು ಆಳೆತ್ತರದ ಉರುಳೆಗೆ ಎರಡು ಪಟ್ಟು ಮೀರಿದ ಭಾರದಿಂದ ಒತ್ತಿ ಓಡಿಸುತ್ತಾರೆ. ಆಮೇಲೆ ಕೆಂಪು ದ್ರವ ಬಳಿದು, ಒರೆಸಿ, ಬಿಳಿ ಪುಡಿ ಸಿಂಪಡಿಸುತ್ತಾರೆ. ಬಿರುಕಿದ್ದರೆ ಒಳಗೆ ಇಳಿದಿದ್ದ ಕೆಂಪು ಮೆಲ್ಲಗೆ ಬಿಳುಪಿನ ಮೇಲೆ ಗೆರೆಯಾಗಿ ಮೂಡುತ್ತದೆ.

ಒಂದೇ ಎರಕದ ಅಚ್ಚಿನಿಂದ ಬಂದ ಎರಡು ಅಲಾಯ್ ಚಕ್ರಗಳೂ ಸಮನಾಗಿ ಬಾಳುವುದಿಲ್ಲ. ಎರಕ ಹೊಯ್ಯುವಾಗ ಉಳಿದ ಸೂಕ್ಷ್ಮ ಗುಳ್ಳೆಯೇ ಎಷ್ಟೋ ಬಿರುಕುಗಳ ತವರು. ಆದ್ದರಿಂದ ಆಯುಸ್ಸಿನ ಅಂಕಿ ಯಾವಾಗಲೂ ಸಂಭವನೀಯತೆಯ ಮಾತು. ಉಕ್ಕಿಗೆ ಸಾಮಾನ್ಯವಾಗಿ ಒಂದು ಮಿತಿಯಿದೆ, ಒತ್ತಡ ಅದಕ್ಕಿಂತ ಕಡಿಮೆಯಿದ್ದರೆ ಅದು ದಣಿಯುವುದೇ ಇಲ್ಲ ಎನ್ನಬಹುದು. ಅಲಾಯ್ ಚಕ್ರದ ಅಲ್ಯೂಮಿನಿಯಂಗೆ ಅಂಥ ಸ್ಪಷ್ಟ ಮಿತಿಯಿಲ್ಲ.

ಬಿರುಕು ಬಿಟ್ಟ ಅಲಾಯ್ ಚಕ್ರಕ್ಕೆ ವೆಲ್ಡಿಂಗ್ ಮಾಡಿಸಿದಾಗ ಈ ಲೆಕ್ಕಗಳೆಲ್ಲ ಬಿದ್ದುಹೋಗುತ್ತವೆ. ಕಾರ್ಖಾನೆಯಲ್ಲಿ ಕಾಯಿಸಿ, ತಣಿಸಿ, ಮತ್ತೆ ಹದವಾಗಿ ಬಿಸಿಮಾಡಿ ತಂದ ಗಟ್ಟಿತನ ಬೆಸುಗೆಯ ಕಾವಿಗೆ ಆ ಜಾಗದಲ್ಲಿ ಕುಗ್ಗಿರುತ್ತದೆ. ಬಿರುಕು ಒಳಮೈಯಲ್ಲೇ ಹೆಚ್ಚಾಗಿ ಅಡಗಿರುವುದರಿಂದ, ಪಂಚರ್ ಅಂಗಡಿಯಲ್ಲಿ ಟೈರು ಬಿಚ್ಚಿದಾಗ ರಿಮ್ಮಿನ ಒಳಬದಿಯನ್ನು ಬಟ್ಟೆಯಿಂದ ಒರೆಸಿ ಒಮ್ಮೆ ನೋಡಿಕೊಳ್ಳಿ.