ನೇಪಥ್ಯದಲ್ಲಿ ಸುಮ್ಮನೆ ಕುಳಿತವರು

ನಾಟ್ಯಮಂಟಪವನ್ನು ಕಟ್ಟುವ ಕ್ರಮವನ್ನು ಭರತಮುನಿಯು ನಾಟ್ಯಶಾಸ್ತ್ರದ ಎರಡನೆಯ ಅಧ್ಯಾಯದಲ್ಲಿ ವಿವರವಾಗಿ ಹೇಳಿದ್ದಾನೆ. 64 ಹಸ್ತ ಉದ್ದ, 32 ಹಸ್ತ ಅಗಲದ ಮಂಟಪವಾದರೆ ಅದರ ಅರ್ಧಭಾಗ ಪ್ರೇಕ್ಷಕರಿಗೆ. ಉಳಿದ ಅರ್ಧವನ್ನು ಪುನಃ ಎರಡಾಗಿ ಭಾಗಿಸಿ, ಮುಂದಿನದನ್ನು ರಂಗಕ್ಕೂ ಹಿಂದಿನದನ್ನು ನೇಪಥ್ಯಗೃಹಕ್ಕೂ ಬಿಡತಕ್ಕದ್ದು. ಅಂದರೆ, ಕಾಣುವ ಅಭಿನಯಕ್ಕೆ ಎಷ್ಟು ನೆಲವೋ ಕಾಣದ ಸಿದ್ಧತೆಗೂ ಅಷ್ಟೇ ನೆಲ. ಅದೇ ಗ್ರಂಥದ ಕೊನೆಯ ಭಾಗದಲ್ಲಿ ನಾಟಕ ಮಂಡಳಿಯ ಜನರನ್ನು ಎಣಿಸುವಾಗ ಸೂತ್ರಧಾರ, ವಿದೂಷಕರ ಜೊತೆಗೆ ಕಿರೀಟ ಮಾಡುವ ಮುಕುಟಕಾರ, ಒಡವೆ ಮಾಡುವವನು, ಮಾಲೆ ಕಟ್ಟುವವನು, ವೇಷಕಾರ, ಚಿತ್ರಕಾರ, ರಜಕ ಇವರೆಲ್ಲರೂ ಬರುತ್ತಾರೆ. ಒಬ್ಬೊಬ್ಬನಿಗೂ ಅವನ ಕೆಲಸವೇ ಹೆಸರು. ಇಂಥ ಕೆಲಸವೆಂಬುದಿಲ್ಲದ ಬರಿಯ ‘ಸಹಾಯಕ’ ಆ ಪಟ್ಟಿಯಲ್ಲಿಲ್ಲ.

ಇದನ್ನು ಇಲ್ಲಿ ಎತ್ತಿಕೊಂಡದ್ದಕ್ಕೆ ಕಾರಣವಿದೆ. ನಮ್ಮ ಬಳಿಗೆ ಆಗಾಗ ಬಂದು ಹೋಗುವ ಗೃಹಸ್ಥರೊಬ್ಬರು ನೌಕರಿಯಿಂದ ನಿವೃತ್ತರಾದ ಮೇಲೆ, ತಮ್ಮ ಊರಿನ ಜಾತ್ರೆಯ ನಾಟಕಕ್ಕೆ ನೆರವಾಗಲು ಉತ್ಸಾಹದಿಂದ ಹೋದರು. ಮೊದಲ ಎರಡು ದಿನ ಮರದ ಕತ್ತಿಗಳಿಗೆ ಬೇಗಡೆ ಹಚ್ಚಿದರು, ಗದೆಯ ಬಿರುಕು ಮುಚ್ಚಿದರು. ಮೂರನೆಯ ದಿನ ಬಾಡಿಗೆಯ ಸೀನರಿಯವರು ಬಂದಿಳಿದರು. ಪರದೆ, ದೀಪ, ಸಿಂಹಾಸನ, ಕಿರೀಟ ಸಮಸ್ತವೂ ಅವರದೇ. ಇವರು ಯಾವುದಕ್ಕೆ ಕೈ ಹಾಕಿದರೂ ಒಂದೇ ಮಾತು: “ಯಜಮಾನ್ರೇ, ನೀವ್ಯಾಕೆ ತೊಂದರೆ ತಗೊಳ್ತೀರಿ? ಕೂತ್ಕೊಳ್ಳಿ, ಹುಡುಗರು ನೋಡ್ಕೋತಾರೆ.” ಮಾತಿನಲ್ಲಿ ಅಗೌರವವೇನೂ ಇರಲಿಲ್ಲ; ಜೊತೆಗೆ ಚಹಾ ಬೇರೆ ಬರುತ್ತಿತ್ತು. ಹೀಗೆ ಆರು ರಾತ್ರಿ ಅವರು ಬಣ್ಣದ ಕೋಣೆಯ ಮೂಲೆಯಲ್ಲಿ, ಒಂದು ತಗಡಿನ ಪೆಟ್ಟಿಗೆಯ ಮೇಲೆ ಕುಳಿತರು. ಆ ಪೆಟ್ಟಿಗೆಯಿಂದ ಏನಾದರೂ ಬೇಕಾದಾಗ ಮಾತ್ರ ಅವರನ್ನು ಎಬ್ಬಿಸುತ್ತಿದ್ದರಂತೆ! “ಗುರುಗಳೇ, ಕಚೇರಿಯಲ್ಲಿ ನನ್ನ ಕುರ್ಚಿಗೆ ಬೇರೆಯವರು ಬಂದಾಗಲೂ ನನಗೆ ಹೀಗನ್ನಿಸಿರಲಿಲ್ಲ” ಎಂದರು. ಬರುವ ವರ್ಷ ಅತ್ತ ಹೋಗುವುದಿಲ್ಲವೆಂದೂ ಹೇಳಿದರು. ಅವರ ಮನೆಯವರಿಗೆ ಅದೇ ಚಿಂತೆ. ಆ ನಾಟಕವೊಂದೇ ಅವರನ್ನು ಮನೆಯಿಂದ ಹೊರಗೆ ಕರೆಯುತ್ತಿದ್ದ ಸಂಗತಿಯಾಗಿತ್ತು.

ಇಂಥವರಿಗೆ ಸುಲಭವಾಗಿ ಕೊಡುವ ಒಂದು ಉಪದೇಶವಿದೆ: ಸೇವೆಗೆ ಹೋದ ಮೇಲೆ ಹೆಸರನ್ನು ಬಯಸಬಾರದು ಎಂಬುದು. ಮಾತು ಕೇಳಲು ಚೆನ್ನ, ಆದರೆ ಇಲ್ಲಿ ಸಲ್ಲದು. ಹೆಸರನ್ನು ಬಯಸುವುದು ಬೇರೆ, ಕೆಲಸವನ್ನು ಬಯಸುವುದು ಬೇರೆ. ಆ ಗೃಹಸ್ಥರು ಹಾರವನ್ನಾಗಲಿ ವೇದಿಕೆಯನ್ನಾಗಲಿ ಕೇಳಿರಲಿಲ್ಲ. ದುಡಿಯಲು ಬಂದವರನ್ನು ಕೂರಿಸಿ ಗೌರವಿಸಿದರೆ ಅದು ಗೌರವವಾಗದು.

ಹಾಗೆಂದು ನೇಪಥ್ಯದಲ್ಲಿ ಕುಳಿತಿರುವುದೆಲ್ಲ ವ್ಯರ್ಥವೆಂದು ತಿಳಿಯಬಾರದು. ತೆರೆಯ ಮರೆಯಲ್ಲಿ ಪುಸ್ತಕ ಹಿಡಿದು ಮಾತು ಎತ್ತಿಕೊಡುವ ಪ್ರಾಂಪ್ಟರನನ್ನು ನೋಡಿರಿ. ನಟರು ಪಾಠವನ್ನು ಚೆನ್ನಾಗಿ ಒಪ್ಪಿಸಿದ ರಾತ್ರಿ ಅವನು ತುಟಿ ಬಿಚ್ಚುವ ಪ್ರಸಂಗವೇ ಬಾರದು. ಆದರೂ ಅವನು ಪುಟದಿಂದ ಕಣ್ಣು ತೆಗೆಯುವಂತಿಲ್ಲ. ಅವನು ಅಲ್ಲಿದ್ದಾನೆಂಬ ಧೈರ್ಯದ ಮೇಲೆಯೇ ರಂಗದ ಮೇಲಿನವನು ನಿಂತಿರುತ್ತಾನೆ. ಪೆಟ್ಟಿಗೆಯ ಮೇಲೆ ಕುಳಿತವರೂ ಸುಮ್ಮನಿದ್ದರು, ಪ್ರಾಂಪ್ಟರನೂ ಸುಮ್ಮನಿದ್ದಾನೆ. ಆದರೆ ಒಬ್ಬನಿಗೆ ತಾನು ಏತಕ್ಕಾಗಿ ಕಾದಿರುವೆನೆಂಬುದು ಗೊತ್ತು. ಮತ್ತೊಬ್ಬರಿಗೆ ಅದನ್ನು ಯಾರೂ ಹೇಳಲಿಲ್ಲ. ನೋವೆಲ್ಲ ಇರುವುದು ಈ ಅಂತರದಲ್ಲಿಯೇ.

ಹಿಂದಿನ ವೃತ್ತಿ ಕಂಪನಿಗಳಲ್ಲಿ ಕೊರತೆಗಳು ಬೇಕಾದಷ್ಟಿದ್ದವು, ಆದರೆ ಈ ಗೊಂದಲ ಕಡಿಮೆ. 1884ರಲ್ಲಿ ಹುಟ್ಟಿದ ಗುಬ್ಬಿ ಕಂಪನಿಯು ವೀರಣ್ಣನವರ ಕಾಲದಲ್ಲಿ ‘ಕುರುಕ್ಷೇತ್ರ’ ನಾಟಕಕ್ಕೆ ಆನೆ ಕುದುರೆಗಳನ್ನೇ ರಂಗಕ್ಕೆ ತಂದಿತು. ಆನೆಯನ್ನು ಹಿಡಿದು ನಿಂತ ಮಾವುತನಿಗೆ “ನೀವು ಕೂತ್ಕೊಳ್ಳಿ, ಹುಡುಗರು ನೋಡ್ಕೋತಾರೆ” ಎನ್ನುವ ಧೈರ್ಯ ಯಾರಿಗಿದ್ದೀತು? ಈಚಿನ ತಿರುಗಾಟದ ತಂಡಗಳ ರೀತಿ ಇನ್ನೊಂದು ಬಗೆಯದು. ಹೆಗ್ಗೋಡಿನ ನೀನಾಸಂ ತಿರುಗಾಟ 1985ರಲ್ಲಿಯೂ, ಸಾಣೇಹಳ್ಳಿಯ ಶಿವಸಂಚಾರ 1997ರಲ್ಲಿಯೂ ಆರಂಭವಾದವು. ಊರಿಂದೂರಿಗೆ ಹೋಗುವ ಇಂಥ ತಂಡಗಳಲ್ಲಿ ಪಾತ್ರ ಮಾಡುವವರೇ ಸಾಮಾನು ಇಳಿಸುತ್ತಾರೆ, ರಂಗಸಜ್ಜಿಕೆ ಕಟ್ಟುತ್ತಾರೆ, ನಾಟಕ ಮುಗಿದ ಮೇಲೆ ಬಿಚ್ಚಿ ಪುನಃ ಏರಿಸುತ್ತಾರೆ. ರಾಜನ ಪಾತ್ರದವನೂ ಹಲಗೆ ಹೊರುವಲ್ಲಿ, ಹಲಗೆ ಹೊರುವುದು ಕೀಳೆನ್ನಿಸುವುದಿಲ್ಲ. ಊರ ನಾಟಕಗಳಲ್ಲಿಯೇ ‘ಕಲಾವಿದರು’ ಮತ್ತು ‘ಉಳಿದವರು’ ಎಂಬ ಎರಡು ಪಂಕ್ತಿಗಳಾಗುವುದನ್ನು ನಾವು ಹೆಚ್ಚಾಗಿ ಕಂಡಿದ್ದೇವೆ.

ನಾಟಕ ಆಡಿಸುವ ಸಮಿತಿಯವರು ಪಾತ್ರ ಹಂಚುವ ದಿನವೇ ಹಿಂದಿನ ಕೆಲಸಗಳನ್ನೂ ಹಂಚಬಹುದು. ಯಾವ ದೃಶ್ಯಕ್ಕೆ ಯಾವ ಸಾಮಾನು, ಅದು ಯಾವ ಪಕ್ಕದಿಂದ ಹೋಗಿ ಯಾವ ಪಕ್ಕಕ್ಕೆ ಬರಬೇಕು, ಅದರ ಹೊಣೆ ಯಾರದು ಎಂದು ಒಂದು ಹಾಳೆಯಲ್ಲಿ ಬರೆದು ಬಣ್ಣದ ಕೋಣೆಯ ಗೋಡೆಗೆ ಅಂಟಿಸಿದರೆ ಅರ್ಧ ಬೇಸರ ಅಲ್ಲಿಯೇ ಕಳೆಯುತ್ತದೆ. ನಿಜವಾಗಿಯೂ ಕೆಲಸವಿಲ್ಲದಿದ್ದರೆ ಮೊದಲೇ ಹೇಳಿ, ಮುಂದಿನ ಸಾಲಿನಲ್ಲಿ ಕೂರಿಸಿ ನಾಟಕ ತೋರಿಸಲಿ. ನೆರವಿಗೆ ಹೋಗುವವರೂ “ಏನಾದರೂ ಮಾಡಲೇ?” ಎಂದು ಕೇಳುವುದಕ್ಕಿಂತ “ಕಿರೀಟಗಳ ಲೆಕ್ಕ ನನಗಿರಲಿ” ಎಂದು ಒಂದನ್ನು ಹಿಡಿದು ಕೇಳುವುದು ಲೇಸು. ಮೊದಲಿನ ಪ್ರಶ್ನೆಗೆ ಅವಸರದಲ್ಲಿರುವವನು ಬೇಡವೆಂದೇ ಉತ್ತರಿಸುತ್ತಾನೆ.

ಮಕ್ಕಳ ವಿಷಯದಲ್ಲಂತೂ ಇದು ಇನ್ನೂ ಸೂಕ್ಷ್ಮ. ಶಾಲೆಯ ವಾರ್ಷಿಕೋತ್ಸವದಲ್ಲಿ ಪಾತ್ರ ಸಿಗದೆ ಉಳಿದ ಮಕ್ಕಳನ್ನು ಸಮಾಧಾನಕ್ಕೆಂದು ತೆರೆಯ ಹಿಂದೆ ಕಳುಹಿಸುವುದುಂಟು. ತಾನು ಆಯ್ದು ಬಿಟ್ಟ ಕಾಳೆಂಬುದು ಆ ವಯಸ್ಸಿಗೂ ತಿಳಿಯುತ್ತದೆ. ನಮಗೆ ಪರಿಚಿತವಾದ ಮನೆಯೊಂದರ ಬಾಲಕಿಗೆ ಹೀಗೆಯೇ ಪಾತ್ರ ದೊರೆಯಲಿಲ್ಲ. ಆದರೆ ಅವಳ ಉಪಾಧ್ಯಾಯಿನಿ ಪರದೆಯ ಹಗ್ಗವನ್ನು ಅವಳ ಕೈಗೆ ಕೊಟ್ಟು, ಯಾವ ಮಾತಿಗೆ ಎಳೆಯಬೇಕು, ಯಾವ ಮಾತಿಗೆ ಬಿಡಬೇಕು ಎಂದು ನಾಲ್ಕು ದಿನ ಅಭ್ಯಾಸ ಮಾಡಿಸಿದರು. ಹುಡುಗಿ ಮನೆಯಲ್ಲಿ ಉಣ್ಣುವಾಗಲೂ ಎಲ್ಲರ ಸಂಭಾಷಣೆಯನ್ನು ಗುನುಗುತ್ತಿದ್ದಳಂತೆ. ಮಗಳು ರಂಗದ ಮೇಲೆ ಕಾಣುವುದಿಲ್ಲವಲ್ಲ ಎಂದು ತಂದೆ ಆ ಸಂಜೆ ಅಂಗಡಿಯಲ್ಲಿಯೇ ಉಳಿದರು. ಅಜ್ಜಿ ಬಂದಿದ್ದರು. ಪರದೆ ಸರಿದಾಗ ಪಕ್ಕದಲ್ಲಿದ್ದ ನಮ್ಮ ಕಡೆ ತಿರುಗಿ, “ಎಳದಾಕಿ ನಮ್ಮ ಮೊಮ್ಮಗಳ್ರಿ” ಎಂದರು.