ಮದ್ದಿನ ಖಾನೆಯನ್ನೊಮ್ಮೆ ಬರಿದು ಮಾಡಿ

ಕಳೆದ ಮಳೆಗಾಲದಲ್ಲಿ ಎಪ್ಪತ್ತು ದಾಟಿದ ತಾಯಿಯೊಬ್ಬರನ್ನು ಅವರ ಮಗ ಚೆಟ್ಟಳ್ಳಿಯ ನನ್ನ ಚಿಕಿತ್ಸಾಲಯಕ್ಕೆ ಕರೆತಂದರು. ಮೈಯೆಲ್ಲ ಬೆವರು, ಕೈ ನಡುಕ, ಮಾತಿನಲ್ಲಿ ತೊದಲು. ಪರೀಕ್ಷಿಸಿದಾಗ ರಕ್ತದ ಸಕ್ಕರೆ 48ಕ್ಕೆ ಇಳಿದಿತ್ತು. ನುಂಗುವ ಶಕ್ತಿ ಉಳಿದಿದ್ದುದರಿಂದ ಸಕ್ಕರೆ ನೀರು ಕುಡಿಸಿ, ಕೂಡಲೇ ಮಡಿಕೇರಿಗೆ ಕಳುಹಿಸಿದೆ. ಎರಡು ದಿನಗಳ ನಂತರ ಮಗ ಮನೆಯ ಮೇಜಿನ ಖಾನೆಯಲ್ಲಿದ್ದುದನ್ನೆಲ್ಲ ಚೀಲದಲ್ಲಿ ತಂದು ನನ್ನ ಮುಂದೆ ಸುರಿದರು. ಅದರಲ್ಲಿ ಬೇರೆ ಬೇರೆ ಕಂಪನಿಗಳ ಎರಡು ಮಾತ್ರೆ ಪಟ್ಟಿಗಳಿದ್ದವು. ಹೆಸರು ಬೇರೆ, ಬಣ್ಣ ಬೇರೆ. ಒಳಗಿನ ಮದ್ದು ಒಂದೇ, ಗ್ಲಿಮೆಪಿರೈಡ್. ಹಳೆಯ ಚೀಟಿಯದೊಂದು, ಹೊಸ ಚೀಟಿಯದೊಂದು. ಆ ತಾಯಿ ಶ್ರದ್ಧೆಯಿಂದ ಎರಡನ್ನೂ ಸೇವಿಸುತ್ತಿದ್ದರು.

ಆ ಚೀಲದಲ್ಲಿ ಇನ್ನೂ ಏನೇನಿತ್ತೆಂದರೆ, ದಿನಾಂಕದ ತುದಿಯನ್ನೇ ಕತ್ತರಿಸಿದ ಪಟ್ಟಿಗಳು, ಅರ್ಧಕ್ಕೆ ನಿಲ್ಲಿಸಿದ ಆಂಟಿಬಯೋಟಿಕ್, ಎಂದೋ ತೆರೆದ ಕಣ್ಣಿನ ಹನಿ, ನುಸಿ ಗುಳಿಗೆ, ಕರ್ಪೂರ, ಗಡಿಯಾರದ ಗುಂಡಿ ಸೆಲ್ಲು, ಕಾಗದದ ಪೊಟ್ಟಣದಲ್ಲಿ ನೀಲಿ ಹರಳು. ಬೋರ್ಡೋ ದ್ರಾವಣ ತಯಾರಿಸಿ ಉಳಿದ ಮೈಲುತುತ್ತವದು. ಕಾಫಿ, ಮೆಣಸಿನ ತೋಟವಿರುವ ನಮ್ಮ ಮನೆಗಳಲ್ಲಿ ಇದು ಅಪರೂಪವಲ್ಲ. ಹೊಟ್ಟೆಗೆ ಹೋದರೆ ಅದು ವಿಷ. ಕರ್ಪೂರವೂ ಅಷ್ಟೇ, ಮಗು ಸ್ವಲ್ಪ ನುಂಗಿದರೂ ಅಪಸ್ಮಾರದಂತೆ ಸೆಳೆತ ಬರಬಹುದು. ಗುಂಡಿ ಸೆಲ್ಲು ಗಂಟಲಲ್ಲಿ ಸಿಕ್ಕಿಕೊಂಡರೆ ಎರಡೇ ಗಂಟೆಗಳಲ್ಲಿ ಅನ್ನನಾಳವನ್ನು ಸುಡುತ್ತದೆ. ಇವೆಲ್ಲ ಮದ್ದಿನ ಜೊತೆಗೆ ಇರತಕ್ಕವಲ್ಲ.

ಬಿಸಿಲಿರುವ ಒಂದು ದಿನ ಖಾನೆಯನ್ನು ಪೂರ್ತಿ ಹಳೆಯ ಪಂಚೆಯೊಂದರ ಮೇಲೆ ಸುರಿಯಿರಿ. ಬೇಕಾದುದನ್ನು ಮಾತ್ರ ಮರಳಿ ಇಡಿ. ಬೇಡವಾದುದನ್ನು ಆರಿಸಿ ತೆಗೆಯಹೊರಟರೆ, ಇರಲಿ ಎಂಬ ಮನಸ್ಸಿನಿಂದ ಎಲ್ಲವೂ ಉಳಿದುಬಿಡುತ್ತದೆ. ಪಟ್ಟಿಯ ಹಿಂಬದಿಯ ಸಣ್ಣಕ್ಷರದಲ್ಲಿರುವ ಮೂಲ ಮದ್ದಿನ ಹೆಸರನ್ನು ಮಕ್ಕಳಿಂದ ಓದಿಸಿ. ಒಂದೇ ಹೆಸರು ಎರಡು ಕಡೆ ಕಂಡರೆ ವೈದ್ಯರಿಗೆ ತೋರಿಸದೆ ಸೇವಿಸಬೇಡಿ. ದಿನಾಂಕವಿರುವ ತುದಿಯ ಮಾತ್ರೆಯನ್ನು ಕೊನೆಗೆ ಬಳಸಿ. ಕಣ್ಣಿನ ಹನಿಯನ್ನು ಸಾಮಾನ್ಯವಾಗಿ ತೆರೆದ ಒಂದು ತಿಂಗಳ ನಂತರ ಇಡಲಾಗದು.

ಇನ್ನು ನಮ್ಮ ಆಯುರ್ವೇದದ ಮದ್ದುಗಳು. ಇವು ಎಂದೂ ಕೆಡವು ಎಂಬ ನಂಬಿಕೆ ಬಹಳ ಮಂದಿಗಿದೆ. ಶಾಸ್ತ್ರ ಹಾಗೆ ಹೇಳುವುದಿಲ್ಲ. ಚೂರ್ಣದ ವೀರ್ಯ ಎರಡು ತಿಂಗಳಲ್ಲಿ, ಗುಳಿಗೆ ಮತ್ತು ಲೇಹ್ಯಗಳದು ಒಂದು ವರ್ಷದಲ್ಲಿ ಕುಗ್ಗುವುದೆಂದು ಶಾರ್ಙ್ಗಧರ ಸಂಹಿತೆಯೇ ಹೇಳುತ್ತದೆ. ಹಳತಾದಷ್ಟೂ ಗುಣ ಹೆಚ್ಚುವುದು ಆಸವ ಮೊದಲಾದ ಕೆಲವಕ್ಕೆ ಮಾತ್ರ. ಇಂದಿನ ಡಬ್ಬಿಗಳ ಮೇಲೆ ಅಚ್ಚಾಗಿರುವ ಅವಧಿ ಇದಕ್ಕಿಂತ ದೀರ್ಘವಿರುತ್ತದೆ, ಆದರೆ ಅದು ಮುಚ್ಚಿದ ಡಬ್ಬಿಗೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಗೋಡೆಯೇ ಬೆವರುವ ಕೊಡಗಿನಲ್ಲಿ, ತೆರೆದ ತ್ರಿಫಲಾ ಚೂರ್ಣ ಗಂಟು ಕಟ್ಟಿ ಬೂಸ್ಟು ಹಿಡಿಯುವುದಕ್ಕೆ ಹೆಚ್ಚು ದಿನ ಬೇಕಿಲ್ಲ. ಬೆಚ್ಚಗಿರಲಿ ಎಂದು ಒಲೆಯ ಮೇಲಿನ ಹಲಗೆಯಲ್ಲಿಡುವವರಿದ್ದಾರೆ. ಅದೂ ತಪ್ಪು; ಶಾಖ ಮತ್ತು ಹಬೆ ಎರಡೂ ಮದ್ದನ್ನು ಕೆಡಿಸುತ್ತವೆ. ಬಿಗಿ ಮುಚ್ಚಳದ ಗಾಜಿನ ಭರಣಿ, ಒಣಗಿದ ಚಮಚ, ಮಲಗುವ ಕೋಣೆಯ ಎತ್ತರದ ಕಪಾಟು ಸಾಕು.

ತೆಗೆದುಹಾಕಿದ ಮಾತ್ರೆಗಳನ್ನು ತೋಡಿಗೆ ಎಸೆಯಬೇಡಿ. ನಮ್ಮ ತೋಡುಗಳ ನೀರು ಕಾವೇರಿಯನ್ನೇ ಸೇರುತ್ತದೆ. ಪಟ್ಟಿಯಿಂದ ಬಿಡಿಸಿ, ಒದ್ದೆ ಕಾಫಿ ಚರಟದೊಂದಿಗೆ ಕಲಸಿ, ಕಟ್ಟಿ, ಕಸದವರಿಗೆ ಕೊಡಿ. ನಾಯಿಯಾಗಲಿ ಮಗುವಾಗಲಿ ಅದನ್ನು ಬಾಯಿಗಿಡದು.

ಕೊನೆಗೊಂದು ತಪ್ಪೊಪ್ಪಿಗೆ. ಆ ತಾಯಿಯ ಚೀಲದಲ್ಲಿ ಹೆಸರೂ ದಿನಾಂಕವೂ ಇಲ್ಲದ ಮೂರು ಚೂರ್ಣದ ಪೊಟ್ಟಣಗಳಿದ್ದವು. ಕಟ್ಟಿದ ರೀತಿಯಿಂದ ಅವು ನಾನೇ ಕೊಟ್ಟವೆಂದು ತಿಳಿಯಿತು. ಒಳಗೇನಿದೆಯೆಂದು ಮೂಸಿ ನೋಡಿದರೂ ಖಚಿತವಾಗಲಿಲ್ಲ. ಅಂದಿನಿಂದ ಪ್ರತಿ ಪೊಟ್ಟಣದ ಮೇಲೂ ಬರೆಯುತ್ತಿದ್ದೇನೆ. ಅಂಥ ಹಳೆಯ ಪೊಟ್ಟಣಗಳು ತಮ್ಮಲ್ಲಿದ್ದರೆ ಸೇವಿಸದೆ ನನ್ನಲ್ಲಿಗೆ ತನ್ನಿ, ಹೊಸತನ್ನು ಕಟ್ಟಿಕೊಡುತ್ತೇನೆ.