ಕಾಫಿ ಸೀಮೆಯಲ್ಲಿ ಹಳೇ ಸಾಮಾನು

ಚಿಕ್ಕಮಗಳೂರಿನಿಂದ ಮೂಡಿಗೆರೆ, ಕೊಟ್ಟಿಗೆಹಾರ ದಾಟಿ ಕಳಸದವರೆಗೆ ಹೋದರೂ 'ಚಾರಿಟಿ ಶಾಪ್' ಎಂಬ ಬೋರ್ಡು ಕಣ್ಣಿಗೆ ಬೀಳುವುದು ಅಪರೂಪ. ಹಾಗೆಂದು ಹಳೇ ಸಾಮಾನಿಗೆ ಇಲ್ಲಿ ಗಿರಾಕಿಗಳಿಲ್ಲ ಎನ್ನುವಂತಿಲ್ಲ. ಯಾರದೋ ತೊಟ್ಟಿಮನೆ ಇಳಿಸುತ್ತಾರೆ ಎಂಬ ಸುದ್ದಿ ಹಬ್ಬಿದರೆ ಸಾಕು, ಬಾಗಿಲುವಾಡ, ತೊಲೆ, ಹಂಡೆ, ಹೆಂಚು ಕೇಳಿಕೊಂಡು ಜನ ಬರುತ್ತಾರೆ.

ಮಲೆನಾಡಿನಲ್ಲಿ ಹಳತು ಕೊಳ್ಳುವುದಕ್ಕೆ ಅದರದೇ ಆದ ಪರೀಕ್ಷೆಗಳಿವೆ. ಬಾಸೆಲ್ ಮಿಷನ್ 1865ರಲ್ಲಿ ಮಂಗಳೂರಿನಲ್ಲಿ ಕಾರ್ಖಾನೆ ತೆರೆದ ಮೇಲೆ ಘಟ್ಟದ ಮೇಲಿನ ಮಾಡುಗಳಿಗೂ ಹತ್ತಿದ ಮಂಗಳೂರು ಹೆಂಚನ್ನು ಬೆರಳಿನಿಂದ ತಟ್ಟಿ ನೋಡಬೇಕು. ಠಣ್ ಎಂದರೆ ಗಟ್ಟಿ, ಸದ್ದು ಒಡೆದಂತಿದ್ದರೆ ಎಲ್ಲೋ ಬಿರುಕು. ಹಂಡೆಗೆ ನೀರು ತುಂಬಿಸಿ, ಸೋರುತ್ತದೆಯೇ ಎಂದು ಸ್ವಲ್ಪ ಹೊತ್ತು ಕಾಯಬೇಕು. ಮಂಚದ ಕಾಲಡಿ ಹಿಟ್ಟು ಉದುರಿದ್ದರೆ ಕುಟ್ಟೆ ಹಿಡಿದಿದೆ ಎಂದೇ ಅರ್ಥ. ಬೀಟೆಯದಾದರೆ ಮಾತ್ರ ಹಳತೆಂದು ಅಗ್ಗಕ್ಕೆ ಸಿಗುವುದಿಲ್ಲ. ಬೀಟೆ ಕಡಿಯಲು ಅರಣ್ಯ ಇಲಾಖೆಯ ಅನುಮತಿ ಬೇಕು; 2017ರಿಂದ ಆ ಕುಲದ ಮರಗಳೆಲ್ಲ ಅಂತರರಾಷ್ಟ್ರೀಯ ವ್ಯಾಪಾರವನ್ನು ನಿಯಂತ್ರಿಸುವ ಸೈಟ್ಸ್ ಪಟ್ಟಿಯಲ್ಲೂ ಇವೆ.

ಬಟ್ಟೆಯ ಕತೆ ಬೇರೆ. ಬಟವಾಡೆಯ ದುಡ್ಡು ಕೈಗೆ ಬಂದ ಮೇಲೆ ತೋಟದ ಆಳುಗಳು ಸಂತೆಗೆ ಹೋಗಿ ಸ್ವೆಟರು, ಕಂಬಳಿ ಹುಡುಕುತ್ತಾರೆ. ಹಳೆಯದಾದರೆ ಬೆಳಕಿಗೆ ಹಿಡಿದು ತೂತು ನೋಡುತ್ತಾರೆ, ಕಂಕುಳ ಹೊಲಿಗೆ ಎಳೆಯುತ್ತಾರೆ, ಮಳೆಗಾಲದ ಬೂಷ್ಟಿನ ವಾಸನೆ ಇದೆಯೇ ಎಂದು ಮೂಸುತ್ತಾರೆ, ಕೊನೆಗೆ ಚೌಕಾಸಿ ಮಾಡುತ್ತಾರೆ. ಅದೇ ಬಟ್ಟೆ ತೋಟದ ಮಾಲೀಕರ ಬಂಗಲೆಯಿಂದ ಆಳುಗಳ ಲೈನ್ ಮನೆಗೆ ಗಂಟಾಗಿ ಬಂದರೆ ಇದ್ಯಾವುದೂ ನಡೆಯುವುದಿಲ್ಲ. ಅಳತೆ ಸರಿಯಿರಲಿ ಬಿಡಲಿ, ನಕ್ಕು ತೆಗೆದುಕೊಳ್ಳಬೇಕು.

ಚಾರಿಟಿ ಶಾಪ್ ಈ ಇಕ್ಕಟ್ಟನ್ನು ಸರಳವಾಗಿ ಬಿಡಿಸುತ್ತದೆ. ಜನ ಪುಕ್ಕಟೆ ಕೊಟ್ಟದ್ದನ್ನು ಶುಚಿ ಮಾಡಿ, ಚೀಟಿ ಅಂಟಿಸಿ, ಅಗ್ಗದ ಬೆಲೆಗೆ ಮಾರುತ್ತಾರೆ. ಬಂದ ಹಣ ಸೇವೆಗೆ ಹೋಗುತ್ತದೆ. ಅಮೆರಿಕದ ಬಾಸ್ಟನ್‌ನಲ್ಲಿ ಪಾದ್ರಿ ಎಡ್ಗರ್ ಹೆಲ್ಮ್ಸ್ 1902ರಲ್ಲಿ ಆರಂಭಿಸಿದ ಗುಡ್‌ವಿಲ್ ಸಂಸ್ಥೆ ಹಳೇ ಬಟ್ಟೆ ರಿಪೇರಿ ಮಾಡುವ ಕೆಲಸವನ್ನೇ ಬಡವರಿಗೆ ಕೊಟ್ಟಿತು. ನಮ್ಮ ದೇಶದಲ್ಲಿ ಅಂಶು ಗುಪ್ತಾ 1999ರಲ್ಲಿ ಕಟ್ಟಿದ 'ಗೂಂಜ್' ಇನ್ನೊಂದು ದಾರಿ ಹಿಡಿಯಿತು. ಹಳ್ಳಿಯವರು ತಮ್ಮೂರಿನ ಬಾವಿ ತೋಡುತ್ತಾರೆ, ರಸ್ತೆ ಸರಿಪಡಿಸುತ್ತಾರೆ. ಆ ದುಡಿಮೆಗೆ ಪ್ರತಿಫಲವಾಗಿ ನಗರದ ಬಟ್ಟೆಬರೆ ಪಡೆಯುತ್ತಾರೆ. ಗುಪ್ತಾ ಅವರಿಗೆ 2015ರಲ್ಲಿ ಮ್ಯಾಗ್ಸೆಸೆ ಪ್ರಶಸ್ತಿ ಬಂತು.

ಸರ್ಕಾರವೂ ಈ ಕಡೆ ಒಂದು ಹೆಜ್ಜೆ ಇಟ್ಟಿದೆ. 2023ರ ಮೇ ತಿಂಗಳಲ್ಲಿ ಕೇಂದ್ರದ ವಸತಿ ಮತ್ತು ನಗರ ವ್ಯವಹಾರಗಳ ಸಚಿವಾಲಯ ಆರಂಭಿಸಿದ ಅಭಿಯಾನದಲ್ಲಿ, ಹಳೇ ಬಟ್ಟೆ, ಪುಸ್ತಕ, ಚಪ್ಪಲಿ, ಆಟಿಕೆ ತಂದುಕೊಡಲು 'ಆರ್‌ಆರ್‌ಆರ್' (ರೆಡ್ಯೂಸ್, ರೀಯೂಸ್, ರೀಸೈಕಲ್) ಕೇಂದ್ರಗಳನ್ನು ತೆರೆಯುವಂತೆ ದೇಶದ ನಗರ, ಪಟ್ಟಣಗಳಿಗೆ ಹೇಳಲಾಯಿತು. ಕಸ ಕಡಿಮೆ ಮಾಡುವುದು ಅದರ ಗುರಿ. ಆದರೆ ಕಸ ಎಂದು ಲೆಕ್ಕ ಹಾಕಿ ಕೂಡಿಟ್ಟದ್ದು ಕಸದಂತೆಯೇ ಕಾಣುತ್ತದೆ. ರಾಶಿಯಿಂದ ಅಂಗಡಿಯಾಗಲು ಒಗೆಯುವವರು, ಗುಂಡಿ ಹಾಕುವವರು, ಅಳತೆ ನೋಡಿ ಜೋಡಿಸುವವರು ಬೇಕು.

ಅರೇಬಿಕಾ ಕೊಯ್ಲು ಬಿರುಸಾಗುವ ನವೆಂಬರಿನಲ್ಲೇ ಗಿರಿಯ ಚಳಿಯೂ ಇಳಿಯುತ್ತದೆ. ಬಯಲುಸೀಮೆಯಿಂದ, ದೂರದ ಅಸ್ಸಾಮಿನಿಂದ ಬಂದ ಕೂಲಿಯವರಿಗೆ ಬೆಚ್ಚನೆಯ ಬಟ್ಟೆ ಬೇಕಾಗುವುದು ಆಗಲೇ. ಆ ಹೊತ್ತಿಗೆ ಒಂದು ಸ್ವಸಹಾಯ ಸಂಘ ಸಂತೆ ಮಾಳದ ಪಕ್ಕ ಮಳಿಗೆ ಹಿಡಿದು, ಒಗೆದು ಮಡಿಸಿದ ಸ್ವೆಟರುಗಳಿಗೆ ಹತ್ತು ರೂಪಾಯಿಯ ಚೀಟಿ ಅಂಟಿಸಿದರೂ ಸಾಕು. ಹತ್ತು ರೂಪಾಯಿ ಕೊಡುವ ಹೆಂಗಸು 'ಈ ಬಣ್ಣ ಬೇಡ, ಅದನ್ನು ತೋರ್ಸಿ' ಎನ್ನಬಹುದು. ಪುಕ್ಕಟೆ ಪಡೆಯುವವಳಿಗೆ ಅಷ್ಟು ಬಾಯಿ ಇರುವುದಿಲ್ಲ.